ಮೂರು ಗಂಟೆಯ ರೈಲು, ಹಿಂದಕ್ಕೆ ಸುತ್ತುವ ಕುದುರೆಗಳು

ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯ 'ಸಮ್‌ಥಿಂಗ್ ವಿಕೆಡ್ ದಿಸ್ ವೇ ಕಮ್ಸ್' ಕಾದಂಬರಿಯಲ್ಲಿ ಕೇಡು ಊರೂರು ತಿರುಗುವ ಜಾತ್ರೆಯಂಥ ಒಂದಿಡೀ ಕಾರ್ನಿವಲ್ ಆಗಿ ಪುಟ್ಟ ಊರೊಂದಕ್ಕೆ ಬಂದಿಳಿಯುತ್ತದೆ. ಅದರಲ್ಲಿ ಮಾಟಗಾತಿ ಇದ್ದಾಳೆ, ಮೈತುಂಬ ಹಚ್ಚೆ ಹಾಕಿಸಿಕೊಂಡ ಡಾರ್ಕ್ ಎಂಬ ಯಜಮಾನನಿದ್ದಾನೆ, ಮನುಷ್ಯರ ವಯಸ್ಸನ್ನು ಹಿಂದುಮುಂದು ಮಾಡುವ ಯಂತ್ರವಿದೆ. ಅದಕ್ಕೆ ಎದುರು ನಿಲ್ಲುವವನು ಊರಿನ ಗ್ರಂಥಾಲಯದಲ್ಲಿ ರಾತ್ರಿ ಹೊತ್ತು ಕಸ ಗುಡಿಸುವ 54 ವರ್ಷದ ಚಾರ್ಲ್ಸ್ ಹ್ಯಾಲೋವೇ. ಅವನಿಗೆ ಮಂತ್ರತಂತ್ರ ಗೊತ್ತಿಲ್ಲ, ಮೈಯಲ್ಲಿ ಕಸುವಿಲ್ಲ, ಮಗನ ಸಮಕ್ಕೆ ಓಡಲೂ ಆಗುವುದಿಲ್ಲ. ಅವನು ಗೆಲ್ಲುವುದು ನಕ್ಕು.

ಇಷ್ಟನ್ನೇ ಕೇಳಿದವರು 'ನಗುವಿನಿಂದ ದೆವ್ವ ಓಡಿಸುವ ಕಥೆಯೇ?' ಎಂದು ಪುಸ್ತಕ ಬದಿಗಿಟ್ಟುಬಿಡಬಹುದು. 1962ರಲ್ಲಿ ಬಂದ ಈ ಕಾದಂಬರಿಯ ಬಗ್ಗೆ ನನಗೆ ಹೇಳಬೇಕಾಗಿರುವುದು ಆ ನಗುವಿನ ಬಗ್ಗೆಯೇ. ಅದು ಕೊನೆಗೆ ಎಲ್ಲಿಂದಲೋ ಉದುರಿದ ಪರಿಹಾರವಲ್ಲ. ಕೇಡು ಹೇಗೆ ನಡೆಯುತ್ತದೆ, ಅದಕ್ಕೆ ಇಂಧನ ಯಾವುದು, ಅದರ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ಬ್ರಾಡ್‌ಬರಿ ಮೊದಲ ಪುಟಗಳಿಂದಲೇ ಕಟ್ಟುತ್ತಾ ಬಂದಿದ್ದಾನೆ. ಆ ಕಟ್ಟಡವನ್ನು ಬಿಡಿಸಿ ನೋಡಬೇಕಾದರೆ ಕಥೆಯ ಕೊನೆಯನ್ನೂ ಹೇಳಲೇಬೇಕು. ಓದದವರು ಎಚ್ಚರ ವಹಿಸಿ.

ಮೊದಲು ಊರು. ಕಾದಂಬರಿಯಲ್ಲಿ ಅದರ ಹೆಸರು ಗ್ರೀನ್ ಟೌನ್, ಇಲಿನಾಯ್ ರಾಜ್ಯ. ಅದರ ಮೂಲ ಷಿಕಾಗೋದ ಉತ್ತರಕ್ಕೆ ಮಿಷಿಗನ್ ಸರೋವರದ ದಂಡೆಯಲ್ಲಿರುವ ವಾಕೀಗನ್. ಬ್ರಾಡ್‌ಬರಿ 1920ರ ಆಗಸ್ಟ್ 22ರಂದು ಹುಟ್ಟಿದ್ದು ಅಲ್ಲಿ. ಕಾಲ ಅಕ್ಟೋಬರ್ ಕೊನೆಯ ವಾರ. ಕನ್ನಡದ ಓದುಗರಿಗೆ ಅಕ್ಟೋಬರ್ ಎಂದರೆ ಮಳೆ ಹಿಂದೆಗೆದ ಹಸಿರು, ದಸರೆ, ದೀಪಾವಳಿಯ ಸಡಗರ. ಅಲ್ಲಿ ಅದೇ ತಿಂಗಳು ಎಲೆ ಉದುರುತ್ತದೆ, ಜೋಳದ ಹೊಲ ಒಣಗಿ ನಿಲ್ಲುತ್ತದೆ, ಸಂಜೆ ಬೇಗ ಕವಿಯುತ್ತದೆ, 31ಕ್ಕೆ ಭೂತಪ್ರೇತಗಳ ಹಬ್ಬ ಹ್ಯಾಲೋವೀನ್ ಬರುತ್ತದೆ. ಇನ್ನೊಂದು ಸಂಗತಿ ನಮ್ಮ ಕಣ್ಣಿಗೆ ಬೀಳದೆ ಹೋಗಬಹುದು. ಅಮೆರಿಕದ ಉತ್ತರದ ಊರುಗಳಲ್ಲಿ ಕಾರ್ನಿವಲ್‌ಗಳು ಬೇಸಿಗೆಯವು. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದರೆ ಅವು ಗಂಟುಮೂಟೆ ಕಟ್ಟುತ್ತವೆ. ಅಕ್ಟೋಬರ್ 24ಕ್ಕೆ ಕಾರ್ನಿವಲ್ ಬರುತ್ತಿದೆ ಎಂಬ ಕರಪತ್ರ ಕೈಗೆ ಸಿಕ್ಕಾಗ ಹುಡುಗರಿಬ್ಬರಿಗೂ ಮೊದಲು ತಟ್ಟುವುದು ಇದೇ: ಇದು ಕಾಲ ತಪ್ಪಿ ಬಂದಿದೆ. ಭಯದ ಮೊದಲ ಹನಿ ಬರುವುದು ಕ್ಯಾಲೆಂಡರಿನಿಂದ.

ಆ ಹುಡುಗರು ವಿಲ್ ಹ್ಯಾಲೋವೇ ಮತ್ತು ಜಿಮ್ ನೈಟ್‌ಶೇಡ್. ಅಕ್ಕಪಕ್ಕದ ಮನೆಯವರು, ಇನ್ನೊಂದು ವಾರಕ್ಕೆ 14 ತುಂಬುವವರು. ವಿಲ್ ಹುಟ್ಟಿದ್ದು ಅಕ್ಟೋಬರ್ 30ರ ನಡುರಾತ್ರಿಗೆ ಒಂದು ನಿಮಿಷ ಮೊದಲು. ಜಿಮ್ ಹುಟ್ಟಿದ್ದು ನಡುರಾತ್ರಿ ಕಳೆದು ಒಂದು ನಿಮಿಷಕ್ಕೆ, ಅಂದರೆ 31ರಂದು. ಜಿಮ್‌ನ ಮನೆಯಲ್ಲಿ ಅಪ್ಪ ಇಲ್ಲ. ಅವನಿಗೆ ಬೇಗ ದೊಡ್ಡವನಾಗಿಬಿಡುವ ಹಸಿವು. ವಿಲ್‌ನ ಅಪ್ಪ ಚಾರ್ಲ್ಸ್ ಮದುವೆಯಾದದ್ದೇ ತಡವಾಗಿ, ಮಗನಿಗೂ ತನಗೂ ನಡುವೆ 40 ವರ್ಷದ ಅಂತರ ಇದೆಯೆಂದು ಒಳಗೊಳಗೇ ಕೊರಗುವವನು. ಅವನಿಗೆ ಮತ್ತೆ ಚಿಕ್ಕವನಾಗುವ ಹಸಿವು. ಒಬ್ಬನಿಗೆ ಮುಂದೆ ಹೋಗಬೇಕು, ಇನ್ನೊಬ್ಬನಿಗೆ ಹಿಂದೆ. ನಡುವೆ ಇರುವ ವಿಲ್‌ಗೆ ಇದ್ದ ಕಡೆ ಇರುವುದು ಸಾಕು. ಕಾದಂಬರಿಯ ಇಡೀ ಎಳೆದಾಟ ಈ ಮೂವರ ನಡುವೆ ಹಂಚಿಕೆಯಾಗಿದೆ, ಮತ್ತು ಮೂವರಿಗೂ ಬೇಕಾದ ಬೇಡವಾದ ವಸ್ತು ಒಂದೇ ಯಂತ್ರದಲ್ಲಿದೆ.

ಕಾರ್ನಿವಲ್ ಬರುವ ಮುನ್ನದ ಪುಟಗಳನ್ನು ನಿಧಾನ ಓದಬೇಕು. ಸಿಡಿಲು ತಡೆಯುವ ಸರಳು ಮಾರುತ್ತಾ ಟಾಮ್ ಫ್ಯೂರಿ ಎಂಬವನು ಬರುತ್ತಾನೆ, ಜಿಮ್‌ನ ಮನೆಗೇ ಸಿಡಿಲು ಹೊಡೆಯಲಿದೆ ಎಂದು ಹೇಳಿ ಒಂದು ಸರಳನ್ನು ಕೊಟ್ಟೇ ಹೋಗುತ್ತಾನೆ. ಕ್ಷೌರದಂಗಡಿಯ ಕ್ರೊಸೆಟ್ಟಿಗೆ ಗಾಳಿಯಲ್ಲಿ ಬೊಂಬಾಯಿ ಮಿಠಾಯಿಯ ವಾಸನೆ ಬರುತ್ತದೆ. ಎಷ್ಟೋ ವರ್ಷದಿಂದ ಮೂಗಿಗೆ ಬಾರದ ವಾಸನೆ. ಅವನು ಅಂಗಡಿ ಬಾಗಿಲಲ್ಲಿ ನಿಂತು ಅಳುತ್ತಾನೆ. ಆಮೇಲೊಂದು ದಿನ ಆ ಅಂಗಡಿಗೆ, ಕಾಯಿಲೆಯ ಕಾರಣ ಮುಚ್ಚಿದೆ ಎಂಬ ಫಲಕ ಬಿದ್ದಿರುತ್ತದೆ. ಅವನಿಗೆ ಏನಾಯಿತೆಂದು ಬ್ರಾಡ್‌ಬರಿ ಬಿಡಿಸಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ: ಯಾರಿಗೆ ಕಳೆದುಹೋದದ್ದರ ವಾಸನೆ ಬಡಿಯಿತೋ ಅವರು ಬಲೆಗೆ ಬಿದ್ದರು ಎಂಬ ಸೂತ್ರ ಓದುಗನಿಗೆ ಅಷ್ಟರಲ್ಲಿ ಸಿಕ್ಕಿರುತ್ತದೆ.

ರೈಲು ಬರುವುದು ನಸುಕಿನ ಮೂರು ಗಂಟೆಗೆ, ಹಬೆಯಿಂದ ನುಡಿಯುವ ಕ್ಯಾಲಿಯೋಪಿಯ ಸದ್ದಿನೊಂದಿಗೆ. ಹುಡುಗರು ಹೊಲದ ಅಂಚಿನಲ್ಲಿ ಅಡಗಿ ನೋಡುತ್ತಾರೆ. ಅತ್ತ ಚಾರ್ಲ್ಸ್‌ಗೂ ಎಚ್ಚರವಾಗಿದೆ. ಸಾವಿಗೆ ಅತಿ ಹತ್ತಿರದ ಹೊತ್ತು ಇದೇ, ನಡುವಯಸ್ಸಿನ ಗಂಡಸು ಎದ್ದು ಕೂತು ತನ್ನ ಬಾಳನ್ನು ಅಳೆದು ನೋಡಿಕೊಳ್ಳುವುದು ಈ ಹೊತ್ತಿನಲ್ಲೇ ಎಂದು ಅವನು ಯೋಚಿಸುವ ಅಧ್ಯಾಯ ಒಂದೆರಡು ಪುಟದ್ದು. ಈ ಕಾದಂಬರಿಯಲ್ಲಿ ಅದಕ್ಕಿಂತ ಗಟ್ಟಿಯಾದ ಗದ್ಯ ಇಲ್ಲ ಎಂದೇ ನನ್ನ ಎಣಿಕೆ. ಮರುದಿನ ಹಗಲಿನಲ್ಲಿ ನೋಡಿದರೆ ಕಾರ್ನಿವಲ್ ಮಾಮೂಲಿ. ಹಳೇ ಡೇರೆ, ಸವೆದ ಹಗ್ಗ, ಪಾಪ್‌ಕಾರ್ನ್. ಹೀಗೆ ಒಂದು ದಿನ ಬಿಡುವು ಕೊಡುವುದು ಬಹಳ ಮುಖ್ಯ. ಹೆದರಿಕೆಯನ್ನು ಒಂದೇ ಉಸಿರಿಗೆ ಏರಿಸುತ್ತಾ ಹೋಗುವ ಕಾದಂಬರಿಗಳಲ್ಲಿ ಊರಿನ ಜನ ಅದನ್ನು ಯಾಕೆ ನಂಬಲಿಲ್ಲ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಇಲ್ಲಿ ಹಗಲೇ ಉತ್ತರ.

ಇನ್ನು ಯಂತ್ರ. ಅದು ಮಕ್ಕಳು ಕೂತು ಸುತ್ತುವ, ಮರದ ಕುದುರೆಗಳ ಕ್ಯಾರಸೆಲ್. 'ಕೆಟ್ಟಿದೆ' ಎಂಬ ಬೋರ್ಡು ಹಾಕಿ ನಿಲ್ಲಿಸಿರುತ್ತಾರೆ. ಅದರ ನಿಯಮ ಸರಳ: ಮುಂದಕ್ಕೆ ಒಂದು ಸುತ್ತು ಸುತ್ತಿದರೆ ಒಂದು ವರ್ಷ ಹೆಚ್ಚು, ಹಿಂದಕ್ಕೆ ಒಂದು ಸುತ್ತಿಗೆ ಒಂದು ವರ್ಷ ಕಡಿಮೆ. ಹಿಂದಕ್ಕೆ ತಿರುಗುವಾಗ ಸಂಗೀತಕಾರ ಷೋಪ್ಯಾನ ಶವಯಾತ್ರೆಯ ಸಂಗೀತವೂ ಹಿಂದುಮುಂದಾಗಿ ನುಡಿಯುತ್ತದೆ. ಯಜಮಾನರಲ್ಲಿ ಒಬ್ಬನಾದ ಕೂಗರ್ ಹುಡುಗರ ಕಣ್ಣೆದುರೇ ಹತ್ತಿ 12 ವರ್ಷದ ಬಾಲಕನಾಗಿ ಇಳಿಯುತ್ತಾನೆ, ಶಾಲೆಯ ಟೀಚರ್ ಮಿಸ್ ಫೋಲಿಯ ಮನೆಗೆ ಅಣ್ಣನ ಮಗನೆಂದು ಹೇಳಿಕೊಂಡು ಸೇರುತ್ತಾನೆ. ಅವನು ಮತ್ತೆ ದೊಡ್ಡವನಾಗಲು ಹತ್ತಿದಾಗ ಗಲಾಟೆಯಲ್ಲಿ ವಿಲ್ ಯಂತ್ರದ ನಿಯಂತ್ರಣವನ್ನು ಕೆಡಿಸುತ್ತಾನೆ. ಕ್ಯಾರಸೆಲ್ ಹುಚ್ಚೆದ್ದು ಮುಂದಕ್ಕೆ ಸುತ್ತಿ ಕೂಗರ್ ನೂರು ದಾಟಿದ ಮುದಿ ಅಸ್ಥಿಪಂಜರವಾಗುತ್ತಾನೆ. ಆಮೇಲೆ ಅವನನ್ನು ವಿದ್ಯುತ್ ಹಾಯಿಸಿ ಕುರ್ಚಿಯಲ್ಲಿ ಕೂರಿಸಿ ಪ್ರದರ್ಶನದ ವಸ್ತುವೆಂದು ನಂಬಿಸಬೇಕಾಗುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಕೇಡಿನ ಯಂತ್ರ ಕೇಡಿನವರ ಮೇಲೂ ಅದೇ ನಿಯಮದಿಂದ ನಡೆಯುತ್ತದೆ. ಯಜಮಾನನಿಗೆ ರಿಯಾಯಿತಿ ಇಲ್ಲ.

ಈ ಯಂತ್ರ ಮೊದಲು ಕ್ಯಾರಸೆಲ್ ಆಗಿರಲಿಲ್ಲ. 1948ರಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಬಂದ ಬ್ರಾಡ್‌ಬರಿಯ 'ದಿ ಬ್ಲ್ಯಾಕ್ ಫೆರಿಸ್' ಎಂಬ ಸಣ್ಣಕಥೆಯೇ ಈ ಕಾದಂಬರಿಯ ಬೀಜ, ಅದರಲ್ಲಿ ಇದ್ದದ್ದು ಜೈಂಟ್ ವೀಲ್. ಅಲ್ಲೂ ಕೂಗರ್ ಹಿಂದಕ್ಕೆ ಸುತ್ತಿ ಹುಡುಗನಾಗುತ್ತಾನೆ, ಕೊನೆಗೆ ಚಕ್ರ ಅವನನ್ನು ನಿಲ್ಲದೆ ಸುತ್ತಿಸುತ್ತದೆ, ತೊಟ್ಟಿಲಲ್ಲಿ ಎಲುಬು ಮಾತ್ರ ಉಳಿಯುತ್ತದೆ. ಸಣ್ಣಕಥೆಗೆ ಅದು ಸಾಕು. ಕಾದಂಬರಿಗೆ ಕ್ಯಾರಸೆಲ್ಲೇ ಯಾಕೆ ಹೊಂದುತ್ತದೆ ಎಂದು ಯೋಚಿಸಿದರೆ ಕುಶಲತೆ ತಿಳಿಯುತ್ತದೆ. ಜೈಂಟ್ ವೀಲ್ ಹತ್ತಿದವನನ್ನು ಮೇಲಕ್ಕೆ, ಯಾರ ಕೈಗೂ ಸಿಗದಂತೆ ಒಯ್ಯುತ್ತದೆ. ಕ್ಯಾರಸೆಲ್ ನೆಲಮಟ್ಟದಲ್ಲೇ ಸುತ್ತುತ್ತದೆ. ಸುತ್ತುತ್ತಿರುವಾಗಲೇ ಹಾರಿ ಹತ್ತಬಹುದು, ಹತ್ತಿದವನ ಕೈಹಿಡಿದು ಹೊರಗೆಳೆಯಬಹುದು. ಕೊನೆಯಲ್ಲಿ ಜಿಮ್ ಆ ಕುದುರೆಗಳ ನಡುವೆ ಸುತ್ತುತ್ತಾ ಬೆಳೆಯುತ್ತಿದ್ದಾಗ ವಿಲ್ ಅವನ ಕೈ ಬಿಡದೆ ಜೊತೆಗೆ ಓಡುವ ದೃಶ್ಯ ಸಾಧ್ಯವಾದದ್ದು ಆ ಒಂದು ಬದಲಾವಣೆಯಿಂದ.

ಸಣ್ಣಕಥೆಗೂ ಕಾದಂಬರಿಗೂ ನಡುವೆ ಇನ್ನೊಂದು ಹಂತ ಇತ್ತು. ಹಾಲಿವುಡ್‌ನ ನಟ, ನೃತ್ಯಗಾರ ಜೀನ್ ಕೆಲ್ಲಿಯ ನೃತ್ಯಚಿತ್ರವೊಂದನ್ನು ನೋಡಿ ಮೆಚ್ಚಿದ ಬ್ರಾಡ್‌ಬರಿ ಅವನಿಗಾಗಿ ಈ ಕಥೆಯನ್ನು ಚಿತ್ರಕಥೆಯಾಗಿ ಹಿಗ್ಗಿಸಿದ. ಕೆಲ್ಲಿಗೆ ಹಣ ಹೂಡುವವರು ಸಿಗಲಿಲ್ಲ. ಬ್ರಾಡ್‌ಬರಿ ಅದನ್ನೇ ಕಾದಂಬರಿ ಮಾಡಿದ. ಪುಸ್ತಕದಲ್ಲಿ ಅಧ್ಯಾಯಗಳು ಚಿಕ್ಕವು, ಒಂದೊಂದೂ ಒಂದು ದೃಶ್ಯ. ಆಗಮನ, ಬೆನ್ನಟ್ಟುವಿಕೆ, ನಿರ್ಗಮನ ಎಂಬ ಮೂರು ಭಾಗಗಳೂ ಸಿನಿಮಾದ ಮೂರು ಅಂಕಗಳಂತೆಯೇ ಕಾಣುತ್ತವೆ.

ಕಾರ್ನಿವಲ್ಲಿನ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದಕ್ಕೆ ಮಿಸ್ ಫೋಲಿಯೇ ಸಾಕ್ಷಿ. ಅವಳು ಮೊದಲು ಕನ್ನಡಿ ಮನೆಗೆ ಹೋಗುತ್ತಾಳೆ, ಒಳಗೆ ಮುಳುಗುತ್ತಿರುವ ಒಬ್ಬ ಪುಟ್ಟ ಹುಡುಗಿಯನ್ನು ಕಾಣುತ್ತಾಳೆ. ಆ ಹುಡುಗಿ ಅವಳೇ. ಕನ್ನಡಿ ಆಸೆಯನ್ನು ಕೆರಳಿಸುತ್ತದೆ, ಕ್ಯಾರಸೆಲ್ ಅದನ್ನು ಪೂರೈಸುತ್ತದೆ. ಕೆಲವು ಅಧ್ಯಾಯಗಳ ನಂತರ ಮಳೆಯಲ್ಲಿ ಮರದ ಕೆಳಗೆ ಕೂತು ಬಿಕ್ಕುತ್ತಿರುವ ಹುಡುಗಿಯೊಬ್ಬಳು ವಿಲ್ ಮತ್ತು ಜಿಮ್‌ಗೆ ಸಿಗುತ್ತಾಳೆ. ಮೈ ಚಿಕ್ಕದಾಗಿದೆ, ಮನಸ್ಸು ಐವತ್ತರದ್ದೇ. ಅವಳ ಮನೆ ಅವಳದೆಂದು ಈಗ ಯಾರು ಒಪ್ಪುತ್ತಾರೆ? ಅವಳ ವಯಸ್ಸಿನ ಗೆಳತಿಯರು ಅವಳನ್ನು ಗುರುತಿಸುವುದಿಲ್ಲ, ಈ ವಯಸ್ಸಿನ ಮಕ್ಕಳ ಜೊತೆ ಅವಳಿಗೆ ಮಾತಿಲ್ಲ. ಹೋಗಲು ಉಳಿದ ಜಾಗ ಒಂದೇ, ಕಾರ್ನಿವಲ್. ಡಾರ್ಕ್‌ನ ಗುಂಪಿನಲ್ಲಿರುವ ವಿಚಿತ್ರ ಜನರೆಲ್ಲ ಹೀಗೇ ಹಿಂದೊಮ್ಮೆ ಟಿಕೆಟ್ ತೆಗೆದುಕೊಂಡವರು. ಸಿಡಿಲ ಸರಳು ಮಾರುತ್ತಿದ್ದ ಟಾಮ್ ಫ್ಯೂರಿಯೂ ಕುಬ್ಜನಾಗಿ ಅಲ್ಲಿ ಸೇರಿರುತ್ತಾನೆ, ತಾನು ಸರಳು ಕೊಟ್ಟ ಹುಡುಗರ ಗುರುತೂ ಅವನಿಗೆ ಸಿಗುವುದಿಲ್ಲ.

ಗ್ರಂಥಾಲಯದಲ್ಲಿ ಚಾರ್ಲ್ಸ್ ಹುಡುಗರಿಗೆ ಇದನ್ನೇ ಬಿಡಿಸಿ ಹೇಳುತ್ತಾನೆ. ಹಳೆಯ ಪತ್ರಿಕೆಗಳನ್ನು ತಡಕಿ, ಇದೇ ಹೆಸರಿನ ಕಾರ್ನಿವಲ್ ಹಿಂದಿನ ಶತಮಾನದಲ್ಲೂ ಇದೇ ಅಕ್ಟೋಬರಿನಲ್ಲಿ ಈ ಊರಿಗೆ ಬಂದು ಹೋಗಿದೆ ಎಂದು ತೋರಿಸುತ್ತಾನೆ. ಅವರು ಬದುಕುವುದು ನಮ್ಮ ಕೊರಗನ್ನು ತಿಂದು ಎನ್ನುತ್ತಾನೆ. ಆತ್ಮವನ್ನು ಬರೆಸಿಕೊಳ್ಳುವ ಕರಾರುಪತ್ರವೇ ಬೇಕಿಲ್ಲ. ನಾವು ಬಿಟ್ಟಿಯಾಗಿ ಚೆಲ್ಲುವ ಹೊಟ್ಟೆಕಿಚ್ಚು, ಹೆದರಿಕೆ, ವಯಸ್ಸಿನ ಅಳಲು ಅವರಿಗೆ ಸಾಕು. ಈ ಮಾತು ಉದ್ದವಾಯಿತು ಎಂದು ದೂರುವ ಓದುಗರಿದ್ದಾರೆ, ದೂರು ನ್ಯಾಯವೇ. ಆದರೆ ಇದಿಲ್ಲದೆ ಮುಂದಿನದು ನಿಲ್ಲುವುದಿಲ್ಲ. ಕೊರಗು ಇಂಧನವಾದರೆ, ಇಂಧನ ನಿಲ್ಲಿಸಿದರೆ ಯಂತ್ರ ನಿಲ್ಲಬೇಕು.

ಮುಂದಿನದು ಎಂದರೆ ಡಾರ್ಕ್ ಗ್ರಂಥಾಲಯಕ್ಕೇ ನುಗ್ಗುವ ರಾತ್ರಿ. ಹುಡುಗರು ಪುಸ್ತಕದ ಕಪಾಟುಗಳ ನಡುವೆ ಅಡಗಿದ್ದಾರೆ. ರಕ್ತಪಿಶಾಚಿಯ ಕಥೆಗಳನ್ನು ಓದಿದವರು ಇಲ್ಲಿ ಬೈಬಲ್ ಕೆಲಸ ಮಾಡುತ್ತದೆ ಎಂದುಕೊಳ್ಳುತ್ತಾರೆ. ಡಾರ್ಕ್ ಬೈಬಲನ್ನು ಕೈಯಲ್ಲೇ ಹಿಡಿದು ತೋರಿಸುತ್ತಾನೆ; ಅವನಿಗೆ ಏನೂ ಆಗುವುದಿಲ್ಲ. ಹೊರಗಿನಿಂದ ತಂದ ಯಾವ ರಕ್ಷೆಯೂ ನಡೆಯದು ಎಂದು ಬ್ರಾಡ್‌ಬರಿ ಆ ಬಾಗಿಲನ್ನು ಮುಚ್ಚಿಬಿಡುತ್ತಾನೆ. ಆಮೇಲೆ ಆಮಿಷ: ಹುಡುಗರು ಎಲ್ಲಿದ್ದಾರೆ ಹೇಳು, ನಿನಗೆ ಯೌವನ ಕೊಡುತ್ತೇನೆ. ಚಾರ್ಲ್ಸ್ ಸುಮ್ಮನಿದ್ದಷ್ಟೂ ಕೊಡುವ ವಯಸ್ಸಿನ ಅಂಕಿ ಮೂವತ್ತರಿಂದ ಮೇಲೇರುತ್ತಾ ಹೋಗುತ್ತದೆ, ಹರಾಜಿನ ಲಯದಲ್ಲಿ. ಅವನು ಒಪ್ಪುವುದಿಲ್ಲ. ಡಾರ್ಕ್ ಅವನ ಎಡಗೈಯನ್ನು ಹಿಸುಕಿ ಪುಡಿ ಮಾಡುತ್ತಾನೆ, ಹುಡುಗರನ್ನು ಎಳೆದೊಯ್ಯುತ್ತಾನೆ, ಅವನ ಗುಂಡಿಗೆ ನಿಲ್ಲಿಸಲು ಮಾಟಗಾತಿಯನ್ನು ಬಿಟ್ಟು ಹೋಗುತ್ತಾನೆ.

ಕುರುಡಿಯಾದ ಆ ಮಾಟಗಾತಿ ಅವನ ಎದೆಯ ಮೇಲೆ ಗಾಳಿಯಲ್ಲೇ ಬೆರಳಾಡಿಸುತ್ತಾಳೆ. ಗುಂಡಿಗೆ ನಿಧಾನವಾಗುತ್ತದೆ. ಇನ್ನೇನು ಮುಗಿಯಿತು ಎನ್ನುವಾಗ ಚಾರ್ಲ್ಸ್ ಕಣ್ಣುಬಿಟ್ಟು ಅವಳನ್ನು ನೋಡುತ್ತಾನೆ. ಆ ಬೆರಳುಗಳು, ಆ ಗಂಭೀರ ಮುಖ, ಸಾಯುವ ಹೊತ್ತಿನಲ್ಲಿ ಕಚಗುಳಿ ಇಟ್ಟ ಹಾಗೆ ಅವಳು ಮಾಡುತ್ತಿರುವುದು ಅವನಿಗೆ ತಮಾಷೆಯಾಗಿ ಕಾಣುತ್ತದೆ. ಸಣ್ಣಗೆ ನಗು ಬರುತ್ತದೆ. ಅವಳು ಬೆಚ್ಚುತ್ತಾಳೆ. ಅವನು ಅದನ್ನು ಗಮನಿಸುತ್ತಾನೆ, ಇನ್ನಷ್ಟು ನಗುತ್ತಾನೆ. ಅವಳು ಓಡಿಹೋಗುತ್ತಾಳೆ. ಈ ಪುಟದಲ್ಲಿ ಕ್ರಮ ಮುಖ್ಯ: ಮೊದಲು ಆಮಿಷ ನಿರಾಕರಿಸಿದ, ನಂತರ ಸಾವನ್ನು ಒಪ್ಪಿಕೊಂಡ, ಆಮೇಲೆ ನಗು ತಾನಾಗಿ ಬಂತು, ಅದು ಆಯುಧವೆಂದು ತಿಳಿದದ್ದು ಕೊನೆಗೆ. ನಗುವನ್ನೇ ಆಯುಧವೆಂದು ಹಿಡಿದುಕೊಂಡು ಹೋಗಿದ್ದರೆ ದೃಶ್ಯ ಸತ್ತುಹೋಗುತ್ತಿತ್ತು.

ಇದಕ್ಕೆ ಮುನ್ನುಡಿ ಬಹಳ ಹಿಂದೆಯೇ ಇದೆ. ಒಂದು ರಾತ್ರಿ ಅಪ್ಪ ಮಗ ಮನೆಯ ಹೊರಗೆ ಕೂತು ಮಾತಾಡುತ್ತಾರೆ. ಒಳ್ಳೆಯವನಾಗಿದ್ದರೆ ಸುಖವಾಗಿರುತ್ತಾರೆಯೇ ಎಂದು ಮಗ ಕೇಳುತ್ತಾನೆ, ಇಲ್ಲ ಎನ್ನುತ್ತಾನೆ ಅಪ್ಪ. ಮಾತು ಮುಗಿದ ಮೇಲೆ ವಿಲ್ ರಾತ್ರಿ ಕದ್ದು ಹೊರಬೀಳಲು ಗೋಡೆಯ ಬಳ್ಳಿಯ ಮರೆಯಲ್ಲಿ ಬಡಿದಿಟ್ಟುಕೊಂಡ ಕಬ್ಬಿಣದ ಮೆಟ್ಟಿಲುಗಳ ಗುಟ್ಟು ಅಪ್ಪನಿಗೆ ಮೊದಲೇ ಗೊತ್ತಿತ್ತೆಂದು ತಿಳಿಯುತ್ತದೆ. ಇಬ್ಬರೂ ಅದನ್ನೇ ಹತ್ತುತ್ತಾರೆ. ನಡುವೆ ಅಪ್ಪನ ಕಾಲು ಜಾರುತ್ತದೆ, ಮಗ ಹಿಡಿಯುತ್ತಾನೆ, ಕಿಟಕಿಯೊಳಗೆ ಬಿದ್ದು ಇಬ್ಬರೂ ಸದ್ದಾಗದಂತೆ ನಗುತ್ತಾರೆ. ಕಥೆಗೆ ಯಾವ ತಿರುವನ್ನೂ ಕೊಡದ ಈ ಅಧ್ಯಾಯವನ್ನು ತೆಗೆದುಬಿಟ್ಟರೆ ಗ್ರಂಥಾಲಯದ ನಗುವಿಗೆ ಬುಡವೇ ಇರುವುದಿಲ್ಲ.

ಅಲ್ಲಿಂದ ಮುಂದೆ ಬ್ರಾಡ್‌ಬರಿ ಅದೇ ಉಪಾಯವನ್ನು ಮತ್ತೆ ಮತ್ತೆ ಬಳಸುತ್ತಾನೆ, ಇಲ್ಲೇ ಕಾದಂಬರಿ ಸ್ವಲ್ಪ ಸಡಿಲವಾಗುವುದು. ಬಂದೂಕಿನಿಂದ ಹಾರಿಸಿದ ಗುಂಡನ್ನು ಮಾಟಗಾತಿ ಹಿಡಿದು ತೋರಿಸುವ ಕಾರ್ನಿವಲ್ ಆಟಕ್ಕೆ ಚಾರ್ಲ್ಸ್ ಸಭೆಯಿಂದ ಎದ್ದು ಬಂದು ಗುಂಡಿನ ಮೇಲೆ ನಗುವಿನ ಗುರುತಾಗಿ ಅರ್ಧಚಂದ್ರ ಗೀರಿ ಹಾರಿಸುತ್ತಾನೆ, ಮಾಟಗಾತಿ ಸಾಯುತ್ತಾಳೆ. ಒಂದೇ ಕೈ ಉಳಿದಿರುವುದರಿಂದ ಬಂದೂಕು ಹಿಡಿಯಲು ಮಗನನ್ನೇ ಕರೆಯುವುದು ಜಾಣ ಹೆಣಿಗೆ: ಪುಡಿಯಾದ ಕೈಯೇ ಮಗನನ್ನು ಬಿಡಿಸುವ ನೆಪವಾಗುತ್ತದೆ. ನಂತರ ಕನ್ನಡಿ ಮನೆ. ಅಲ್ಲಿ ಚಾರ್ಲ್ಸ್ ಸಾಲುಸಾಲು ಮುದುಕರಾಗಿ ತನ್ನನ್ನೇ ಕಂಡು ಕುಸಿಯುತ್ತಾನೆ. ನಿನಗೆ ಎಷ್ಟು ವಯಸ್ಸಾದರೂ ನನಗೆ ಲೆಕ್ಕವಿಲ್ಲ ಎಂಬರ್ಥದ ಮಾತನ್ನು ವಿಲ್ ಕೂಗಿ ಹೇಳಿದ ಮೇಲೆ ಅವನು ಎಲ್ಲವನ್ನೂ ಒಪ್ಪಿಕೊಂಡು ನಗುತ್ತಾನೆ, ಕನ್ನಡಿಗಳು ಒಡೆಯುತ್ತವೆ. ಡಾರ್ಕ್ ಹುಡುಗನ ರೂಪ ತಾಳಿ ಬಂದಾಗ ಚಾರ್ಲ್ಸ್ ಅವನನ್ನು ಬಿಗಿದಪ್ಪುತ್ತಾನೆ. ಆ ಅಪ್ಪುಗೆಯನ್ನು ತಾಳಲಾರದೆ ಅವನು ಸಾಯುತ್ತಾನೆ. ಉಸಿರಿಲ್ಲದೆ ಬಿದ್ದ ಜಿಮ್‌ನ ಸುತ್ತ ಅಪ್ಪ ಮಗ ಅಳು ನುಂಗಿ ಹಾಡಿ ಕುಣಿಯುತ್ತಾರೆ, ಅವನು ಕಣ್ಣು ಬಿಡುತ್ತಾನೆ. ಇವುಗಳಲ್ಲಿ ಗುಂಡಿನ ಪ್ರಸಂಗ ನನಗೆ ಒಗ್ಗುವುದಿಲ್ಲ. ಅಲ್ಲಿ ನಗು ತಾನಾಗಿ ಬಂದದ್ದಲ್ಲ, ಚಾಕುವಿನಿಂದ ಕೊರೆದದ್ದು. ಜಿಮ್‌ನ ಪ್ರಸಂಗ ಒಗ್ಗುತ್ತದೆ, ಯಾಕೆಂದರೆ ಅಲ್ಲಿ ನಗುವುದು ಎಲ್ಲಕ್ಕಿಂತ ಕಷ್ಟ.

ಇತರ ಕುಂದುಗಳನ್ನೂ ಹೇಳಬೇಕು. ಉಪಮೆಗಳು ಕೆಲವೆಡೆ ಒಂದರ ಮೇಲೊಂದು ಬಿದ್ದು ದೃಶ್ಯವನ್ನೇ ಮುಚ್ಚುತ್ತವೆ. ತಾಯಂದಿರಿಬ್ಬರೂ ಬರೀ ನೆರಳು. ಅದಕ್ಕಿಂತ ಗಂಭೀರವಾದದ್ದು ಕಾರ್ನಿವಲ್ಲಿನ ಕುಬ್ಜ, ಕುರುಡಿ, ಬಡಕಲು ದೇಹಗಳನ್ನು ಪಾಪದ ಗುರುತಾಗಿ ಕಾಣಿಸುವ ರೀತಿ. ಅವರು ಬಲಿಪಶುಗಳು ಎಂದು ಕಾದಂಬರಿ ಬಾಯಿಮಾತಿಗೆ ಹೇಳಿದರೂ ಹೆದರಿಸಲು ಅವರ ದೇಹವನ್ನೇ ಬಳಸುತ್ತದೆ. ಇಂದು ಇಂಥ ಕಥೆ ಬರೆಯುವವರು ಅದನ್ನು ಹಾಗೇ ಎತ್ತಿಕೊಳ್ಳಬಾರದು.

1983ರಲ್ಲಿ ಡಿಸ್ನಿ ಇದನ್ನು ಸಿನಿಮಾ ಮಾಡಿತು. ನಿರ್ದೇಶಕ ಜ್ಯಾಕ್ ಕ್ಲೇಟನ್, ಚಿತ್ರಕಥೆ ಬ್ರಾಡ್‌ಬರಿಯದೇ, ಡಾರ್ಕ್ ಆಗಿ ಜೊನಾಥನ್ ಪ್ರೈಸ್, ಚಾರ್ಲ್ಸ್ ಆಗಿ ಜೇಸನ್ ರೋಬಾರ್ಡ್ಸ್. ಗ್ರಂಥಾಲಯದ ದೃಶ್ಯಕ್ಕಾಗಿಯೇ ಅದನ್ನು ನೋಡಬೇಕು. ಇಬ್ಬರೂ ನಟರು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಆದರೆ ಸಿನಿಮಾದಲ್ಲಿ ಚಾರ್ಲ್ಸ್ ಕಸ ಗುಡಿಸುವವನಲ್ಲ, ಗ್ರಂಥಪಾಲಕ. ಹಿಂದೊಮ್ಮೆ ನದಿಯಲ್ಲಿ ಮುಳುಗುತ್ತಿದ್ದ ಮಗನನ್ನು ತಾನು ಉಳಿಸಲಾಗಲಿಲ್ಲ ಎಂಬ ಪಾಪಪ್ರಜ್ಞೆಯನ್ನೂ ಅವನಿಗೆ ಕೊಟ್ಟಿದ್ದಾರೆ. ಡಾರ್ಕ್ ಸಾಯುವುದು ಬಿರುಗಾಳಿ ಸಿಡಿಲಿನ ನಡುವೆ, ಕ್ಯಾರಸೆಲ್ ಮೇಲೆ ಮುದಿಯಾಗಿ ಕೊಳೆತು. ನೋಡಲು ಭರ್ಜರಿಯಾಗಿದೆ. ಅಪ್ಪಿಕೊಂಡು ಕೊಲ್ಲುವುದನ್ನು ತೆಗೆದು ಸಿಡಿಲಿನ ಕೈಗೆ ಕೆಲಸ ಕೊಟ್ಟಿದ್ದರಿಂದ ಒಳಿತಿನ ಪಾಲು ಕಿರಿದಾಯಿತು.

ಪುಸ್ತಕದಲ್ಲಿ ಎಲ್ಲ ಮುಗಿದ ಮೇಲೂ ಕ್ಯಾರಸೆಲ್ ನಿಂತಿರುತ್ತದೆ, ಕೆಡದೆ. ಒಂದೇ ಒಂದು ಸುತ್ತು ಹಾಕಿದರೇನು ಎಂಬ ಆಸೆ ಮೂವರ ಮನಸ್ಸಿನಲ್ಲೂ ಸುಳಿಯುತ್ತದೆ, ಗೆದ್ದ ಚಾರ್ಲ್ಸ್‌ಗೂ. ಸ್ಪ್ಯಾನರ್ ಎತ್ತಿಕೊಂಡು ಯಂತ್ರವನ್ನು ಬಡಿದು ಹಾಕುವುದು ಆ ಆಸೆ ಬಂದದ್ದಕ್ಕೇ.

ಓದುವವರಿಗೆ ಒಂದೆರಡು ಮಾತು. ಶೀರ್ಷಿಕೆ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ನಾಲ್ಕನೇ ಅಂಕದ ಮೊದಲ ದೃಶ್ಯದ್ದು; ಹೆಬ್ಬೆರಳು ಚುರುಗುಟ್ಟುತ್ತಿದೆ, ಏನೋ ಕೆಟ್ಟದ್ದು ಇತ್ತ ಬರುತ್ತಿದೆ ಎನ್ನುವ ಮಾಟಗಾತಿಯ ಮಾತು. ಡಿ.ವಿ.ಜಿ. ಆ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. ಆ ದೃಶ್ಯವನ್ನು ಮೊದಲು ಓದಿಕೊಂಡರೆ, ಅಲ್ಲಿ ಬರುವವನು ಮ್ಯಾಕ್‌ಬೆತ್ ಎಂಬ ಮನುಷ್ಯನೇ ಎಂಬುದು ನೆನಪಿನಲ್ಲಿರುತ್ತದೆ. ಇದೇ ಗ್ರೀನ್ ಟೌನಿನ ಬೇಸಿಗೆಯ ಪುಸ್ತಕ 1957ರ 'ಡ್ಯಾಂಡಿಲಿಯನ್ ವೈನ್', 1928ರ ಬೇಸಿಗೆಯಲ್ಲಿ ನಡೆಯುವಂಥದ್ದು. ಎರಡನ್ನೂ ಓದುವುದಾದರೆ ಬೇಸಿಗೆಯದ್ದನ್ನು ಮೊದಲು ಓದಿ. ಈ ಕಾರ್ನಿವಲ್ ಕಾದಂಬರಿಯ ವಾಕ್ಯಗಳು ಆರಂಭದಲ್ಲಿ ಕಾಲಿಗೆ ತೊಡರುತ್ತವೆ. ಮೊದಲ ಭಾಗವನ್ನು ದಿನಕ್ಕೆ ನಾಲ್ಕೈದು ಅಧ್ಯಾಯದಂತೆ, ಬಾಯಿಬಿಟ್ಟು ಓದಿದರೆ ಲಯ ಹಿಡಿಯುತ್ತದೆ. ರೈಲು ಬಂದ ಮೇಲೆ ವೇಗವನ್ನು ಪುಸ್ತಕವೇ ನೋಡಿಕೊಳ್ಳುತ್ತದೆ.